ಅಜ್ಜಿಯ ಇಂಗ್ಲಿಷು ಅಷ್ಟಕ್ಕಷ್ಟೆ

ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನಲ್ಲಿ ಅಕ್ಟೋಬರ್ ಬಂತೆಂದರೆ ಭಾಷೆಗಳಿಗೆ ಸುಗ್ಗಿ. ಹನ್ನೆರಡನೇ ಕ್ಲಾಸಿನ ಮಕ್ಕಳು ಕಾಲೇಜಿಗೆ ಅರ್ಜಿ ಹಾಕುವ ಕಾಲ ಅದು. ಕಾಮನ್ ಆ್ಯಪ್ ಎಂಬ ಅರ್ಜಿ ‘ನಿನಗೆ ಎಷ್ಟು ಭಾಷೆ ಬರುತ್ತದೆ’ ಎಂದು ಕೇಳಿ, ಐದರ ತನಕ ಆರಿಸಿಕೊಳ್ಳಲು ಬಿಡುತ್ತದೆ. ಒಂದೊಂದು ಭಾಷೆಯ ಮುಂದೂ ಚೌಕಗಳಿವೆ: ಮಾತಾಡುತ್ತೀಯಾ, ಓದುತ್ತೀಯಾ, ಬರೆಯುತ್ತೀಯಾ, ಮನೆಯಲ್ಲಿ ಆಡುತ್ತೀರಾ? ಟಿಕ್ ಹಾಕಿದರಾಯಿತು, ಪರೀಕ್ಷಿಸಲು ಮನೆಗೆ ಯಾರೂ ಬರುವುದಿಲ್ಲ. ಐದರ ತನಕ ಅವಕಾಶ ಇದ್ದಾಗ ನಮ್ಮ ಅಪ್ಪ-ಅಮ್ಮಂದಿರು ಮೂರಕ್ಕೇ ನಿಲ್ಲಿಸಿದ್ದನ್ನು ಯಾರಾದರೂ ಕಂಡಿದ್ದೀರಾ?

ಕ್ಯಾಮಿನೊ ಟಾಸಾಹಾರ ರಸ್ತೆಯ ಆಚೀಚಿನ ಒಂದು ಮನೆಯನ್ನೇ ತೆಗೆದುಕೊಳ್ಳಿ. ಹೆಸರು ಬೇಡ. ಹೆಸರಿಲ್ಲದೆ ಬರೆದರೂ ಹತ್ತು ಮನೆಯವರು ‘ನಮ್ಮ ವಿಷಯ ಯಾಕ್ರೀ ಬರೆದಿರಿ’ ಎಂದು ಫೋನ್ ಮಾಡುತ್ತಾರೆ. ಆ ಮನೆಯ ಹುಡುಗನ ಅರ್ಜಿಯಲ್ಲಿ ಐದು ಭಾಷೆ ಇವೆ: ಇಂಗ್ಲಿಷ್, ಸ್ಪ್ಯಾನಿಷ್, ಕನ್ನಡ, ಹಿಂದಿ, ಸಂಸ್ಕೃತ.

ಸ್ಪ್ಯಾನಿಷನ್ನು ಹುಡುಗ ಶಾಲೆಯಲ್ಲಿ ನಾಲ್ಕು ವರ್ಷ ಓದಿದ್ದಾನೆ, ಕಾಲೇಜು ಮಟ್ಟದ ಎಪಿ ಪರೀಕ್ಷೆಯಲ್ಲೂ ಒಳ್ಳೆಯ ಅಂಕ ಬಂದಿದೆ. ಒಂದು ದಿನ ಹುಲ್ಲು ಕತ್ತರಿಸಲು ಬರುವ ತೋಟದಾಳಿಗೆ ‘ಕುಂಡದಲ್ಲಿರುವ ಕರಿಬೇವಿನ ತಂಟೆಗೆ ಹೋಗಬೇಡ’ ಎಂದು ಹೇಳಿ ಬರಲು ಅಮ್ಮ ಮಗನನ್ನು ಕಳಿಸಿದಳು. ಮಗ ಹೊರಗೆ ಹೋದ, ‘ಓಲಾ’ ಎಂದ, ಆಮೇಲೆ ಜೇಬಿನಿಂದ ಫೋನ್ ತೆಗೆದು ಗೂಗಲ್ ಟ್ರಾನ್ಸ್‌ಲೇಟ್ ತೆರೆದು ಆತನ ಮುಖಕ್ಕೆ ಹಿಡಿದ. ಆತ ಓದಿಕೊಂಡು ‘ನೋ ಪ್ರಾಬ್ಲಂ’ ಎಂದು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ. ಆ ತೋಟದಾಳು ಓಕ್ಲೆಂಡಿನಿಂದ ಬರುತ್ತಾನೆ. ಹುಟ್ಟೂರು ಗ್ವಾಟೆಮಾಲಾದ ಬೆಟ್ಟದ ಸೀಮೆ, ಮನೆಮಾತು ಮಾಮ್ ಎಂಬ ಮಾಯಾ ಭಾಷೆ. ಸ್ಪ್ಯಾನಿಷ್ ಅಲ್ಲಿ ಕಲಿತದ್ದು, ಇಂಗ್ಲಿಷ್ ಇಲ್ಲಿ. ಓಕ್ಲೆಂಡಿನಲ್ಲಿ ಮಾಮ್ ಆಡುವವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮೂರು ಭಾಷೆಯಲ್ಲಿ ಬದುಕು ನಡೆಸುವ ಆತ ತಾನು ಬಹುಭಾಷಿಕ ಎಂದು ಎಲ್ಲೂ ಬರೆದುಕೊಂಡಿಲ್ಲ. ಬರೆದುಕೊಳ್ಳಲು ಅವನ ಕೈಗೆ ಯಾರೂ ಅರ್ಜಿ ಕೊಟ್ಟಿಲ್ಲ.

ಹಿಂದಿ ಸಿನಿಮಾದಿಂದ ಬಂತು. ಸಂಸ್ಕೃತ ಎಂದರೆ ಭಾನುವಾರ ಬಾಯಿಪಾಠ ಮಾಡಿದ ಶ್ಲೋಕಗಳು. ಆ ಲೆಕ್ಕಕ್ಕೆ ಬೆಳಗ್ಗೆ ಐದೂವರೆಗೆ ತಪ್ಪದೆ ವಿಷ್ಣುಸಹಸ್ರನಾಮ ಹೇಳುವ ಅಡುಗೆಮನೆಯ ಅಲೆಕ್ಸಾ ಇವನಿಗಿಂತ ದೊಡ್ಡ ಪಂಡಿತೆ.

ಇನ್ನು ಕನ್ನಡ. ಈ ಊರಿನಲ್ಲಿ ಕನ್ನಡದ ಪ್ರಾವೀಣ್ಯಕ್ಕೆ ಒಂದೇ ಒಂದು ಪ್ರಮಾಣಪತ್ರ ಚಾಲ್ತಿಯಲ್ಲಿದೆ: ‘ಅವನಿಗೆ ಎಲ್ಲಾ ಅರ್ಥ ಆಗತ್ತೆ, ಮಾತಾಡಲ್ಲ ಅಷ್ಟೆ.’ ಇದನ್ನು ತಾಯಂದಿರು ನಗುನಗುತ್ತಾ ಹೇಳುತ್ತಾರೆ. ಕೇಳಿದವರೂ ‘ನಮ್ಮವಳೂ ಹಾಗೇ ಕಣ್ರೀ’ ಎಂದು ಸಮಾಧಾನ ಪಡುತ್ತಾರೆ. ಇಷ್ಟಕ್ಕೂ ಹುಡುಗ ಮಾತಾಡುವುದೇ ಇಲ್ಲ ಎಂದರೆ ತಪ್ಪಾಗುತ್ತದೆ. ಲಿವರ್ಮೋರ್‌ನ ಶಿವ-ವಿಷ್ಣು ದೇವಸ್ಥಾನದಲ್ಲಿ ಅವನು ಅರ್ಚಕರ ಮುಂದೆ ಕೈಯೊಡ್ಡಿ ಸ್ಪಷ್ಟವಾಗಿ ಹೇಳಿದ್ದನ್ನು ಸಾಲಿನಲ್ಲಿದ್ದವರೆಲ್ಲ ಕೇಳಿದ್ದಾರೆ: ‘ನೀನು ನಂಗೆ ತೀರ್ಥ ಕೊಡು.’ ಅಮ್ಮನಿಗೆ ನೆಲ ಬಾಯ್ಬಿಡಬಾರದೇ ಅನಿಸಿತು. ಆದರೆ ಹುಡುಗನ ತಪ್ಪೇನಿದೆ? ಹುಟ್ಟಿದಾಗಿನಿಂದ ಅವನ ಕಿವಿಗೆ ಬಿದ್ದ ಕನ್ನಡವೆಲ್ಲ ‘ಬಾ, ತಿನ್ನು, ಮಲ್ಕೋ, ಶೂ ಬಿಚ್ಚು’. ಅಪ್ಪ-ಅಮ್ಮ ಬೇರೆ ದೊಡ್ಡವರೊಂದಿಗೆ ಮಾತಾಡುವುದು ಇಂಗ್ಲಿಷಿನಲ್ಲಿ. ‘ಕೊಡಿ’, ‘ಬನ್ನಿ’ ಎಂಬ ರೂಪಗಳು ಕನ್ನಡಕ್ಕೆ ಇವೆ ಎಂಬ ಸುದ್ದಿಯೇ ಆ ಮನೆಗೆ ತಲುಪಿಲ್ಲ. ಅರ್ಚಕರು ಮಾತ್ರ ನಕ್ಕು ‘ತಗೋ ಮಗಾ’ ಎಂದು ತೀರ್ಥ ಹಾಕಿ, ಮುಂದಿನವರಿಗೆ ತೆಲುಗಿನಲ್ಲಿ ಗೋತ್ರ ಕೇಳಿ, ಅದರ ಮುಂದಿನವರಿಗೆ ತಮಿಳಿನಲ್ಲಿ ನಕ್ಷತ್ರ ಕೇಳಿದರು.

ಮಗನ ಮೇಲೆ ಗೂಬೆ ಕೂರಿಸುವ ಮೊದಲು ಅಪ್ಪನ ಲಿಂಕ್ಡ್‌ಇನ್ ನೋಡಬೇಕು. ಅಲ್ಲೂ ಸಂಸ್ಕೃತ ಇದೆ. ಅದು ಎಲ್ಲಿಂದ ಬಂತು? ಎಸ್ಸೆಸ್ಸೆಲ್ಸಿಯಿಂದ. ಮೊದಲ ಭಾಷೆಗೆ 125 ಅಂಕ, ಸಂಸ್ಕೃತ ತೆಗೆದುಕೊಂಡರೆ ಅಂಕ ಸಲೀಸು, ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು ಎಂಬುದು ಆ ತಲೆಮಾರಿನ ಬೆಂಗಳೂರಿಗರಿಗೆಲ್ಲ ಗೊತ್ತಿದ್ದ ಗುಟ್ಟು. ಇಂಗ್ಲಿಷಿನಲ್ಲಿ ಉತ್ತರ ಬರೆದು ಸಂಸ್ಕೃತದಲ್ಲಿ ಪಾಸಾಗಿ, ಕನ್ನಡವನ್ನು ಹಿಂದಿನ ಬೆಂಚಿಗೆ ಕಳಿಸಿದ ಪ್ರತಿಭೆ ಇದು. ಇನ್ನೂ ರುಚಿಯಾದ ವಿಷಯವೆಂದರೆ, ಆ ಅಪ್ಪನ ಅಪ್ಪ ಕೆಜಿಎಫ್‌ನ ಗಣಿಯಲ್ಲಿ ಗುಮಾಸ್ತರಾಗಿದ್ದವರು. 1982ರಲ್ಲಿ ಗೋಕಾಕ್ ಚಳವಳಿ ಎದ್ದಾಗ ಡಾ. ರಾಜ್‌ಕುಮಾರ್ ಮಾತು ಕೇಳಲು ಲಾರಿ ಹತ್ತಿ ಹೋಗಿ, ಗಂಟಲು ಕಟ್ಟುವ ತನಕ ಜೈಕಾರ ಹಾಕಿ ಬಂದಿದ್ದರು. ಆ ಗಲಾಟೆ ಶುರುವಾದದ್ದೇ ಮೊದಲ ಭಾಷೆಯ ಜಾಗದಲ್ಲಿ ಸಂಸ್ಕೃತ ಕೂತಿದೆ ಎಂಬ ಕಾರಣಕ್ಕೆ. ಮುಂದೆ ಬೆಂಗಳೂರಿಗೆ ಬಂದು ಮಗನನ್ನು ಹೈಸ್ಕೂಲಿಗೆ ಸೇರಿಸುವಾಗ ಅವರು ಅಂಕದ ಲೆಕ್ಕ ಹಾಕಿ, ಯಾವುದೇ ಜೈಕಾರವಿಲ್ಲದೆ ಸಂಸ್ಕೃತಕ್ಕೆ ಸಹಿ ಹಾಕಿದರು. ಬರುವ ಭಾಷೆಯನ್ನು ಬಿಟ್ಟು ಅಂಕ ತರುವ ಭಾಷೆಯನ್ನು ಹಿಡಿಯುವುದು ಹೀಗೆ ಆ ಮನೆತನಕ್ಕೆ ಪಿತ್ರಾರ್ಜಿತವಾಗಿ ಬಂದದ್ದು. ಅಮೆರಿಕ ಕಲಿಸಿದ್ದಲ್ಲ.

ಭಾಷೆಯನ್ನು ಬಾಗಿಲಿಗೆ ನೇತುಹಾಕುವ ಚಟವೂ ಡ್ಯಾನ್‌ವಿಲ್‌ಗೆ ನಮ್ಮಿಂದ ಬಂದದ್ದಲ್ಲ ಅನ್ನಿ. ಈ ಊರ ಗುಡ್ಡದ ಮೇಲೆ ನಾಟಕಕಾರ ಯುಜೀನ್ ಓನೀಲ್ ನೊಬೆಲ್ ಬಂದ ಮೇಲೆ ಮನೆ ಕಟ್ಟಿಸಿ, ಅದಕ್ಕೆ ‘ಟಾವ್ ಹೌಸ್’ ಎಂದು ಹೆಸರಿಟ್ಟು, ಗೇಟಿಗೆ ಚೀನೀ ಅಕ್ಷರ ಹಾಕಿಸಿದ್ದ. ಆದರೆ ನಾಟಕಗಳನ್ನು ಮಾತ್ರ ಬರುವ ಭಾಷೆಯಲ್ಲೇ ಬರೆದ. ನಮ್ಮ ಹುಡುಗನ ಮನೆಯ ಬಾಗಿಲಲ್ಲೂ ಬಸವನಗುಡಿಯಲ್ಲಿ ಕೆತ್ತಿಸಿ ತಂದ ತೇಗದ ಫಲಕವಿದೆ, ಕನ್ನಡದಲ್ಲಿ. ಅದನ್ನು ಓದಬಲ್ಲವರು ಹೊರದೇಶದಿಂದ ಬಂದವರು ಮಾತ್ರ.

ರಾಜ್ಯ ಸರ್ಕಾರವೂ ಕಡಿಮೆಯದಲ್ಲ. ಕ್ಯಾಲಿಫೋರ್ನಿಯಾದ ಮತದಾರರು 1986ರಲ್ಲಿ ಇಂಗ್ಲಿಷೇ ರಾಜ್ಯದ ಅಧಿಕೃತ ಭಾಷೆ ಎಂದು ಸಂವಿಧಾನದಲ್ಲಿ ಬರೆಸಿದರು. 1998ರಲ್ಲಿ 227ನೇ ಪ್ರಸ್ತಾವಕ್ಕೆ ಮತ ಹಾಕಿ, ಶಾಲೆಗಳ ದ್ವಿಭಾಷಾ ಕಲಿಕೆಯನ್ನು ಬಹುಮಟ್ಟಿಗೆ ಕಿತ್ತುಹಾಕಿದರು. ಅದು ಜಾರಿಯಲ್ಲಿರುವಾಗಲೇ, 2012ರಿಂದ, ಇಡೀ ದೇಶಕ್ಕೆ ಮೊದಲನೆಯದಾಗಿ ಎರಡು ಭಾಷೆ ಬಲ್ಲ ಮಕ್ಕಳ ಡಿಪ್ಲೊಮಾಕ್ಕೆ ಚಿನ್ನದ ಬಣ್ಣದ ಮುದ್ರೆ ಅಂಟಿಸುವ ‘ಸ್ಟೇಟ್ ಸೀಲ್ ಆಫ್ ಬೈಲಿಟರಸಿ’ ಶುರುವಾಯಿತು. 227 ರದ್ದಾದದ್ದು 2016ರ ಮತದಾನದಲ್ಲಿ. ಅಂದರೆ ಅಷ್ಟು ವರ್ಷ ಈ ರಾಜ್ಯದಲ್ಲಿ ಐದು ವರ್ಷದ ಮಗು ಇನ್ನೊಂದು ಭಾಷೆ ಹೊತ್ತು ಶಾಲೆಗೆ ಬಂದರೆ ಅದು ಕಾಯಿಲೆ, ಅದೇ ಮಗು ಹದಿನೆಂಟಕ್ಕೆ ಅದೇ ಭಾಷೆ ಹೊತ್ತು ಹೊರಗೆ ಹೋದರೆ ಪದಕ. ನಡುವಿನ ಹದಿಮೂರು ವರ್ಷ ಅದನ್ನು ಎಲ್ಲಿ ಬಚ್ಚಿಟ್ಟುಕೊಳ್ಳಬೇಕಿತ್ತೋ ಯಾರೂ ಹೇಳಲಿಲ್ಲ.

ಈ ಮುದ್ರೆಗಾಗಿ ಕನ್ನಡಕ್ಕೂ ಕಂಪ್ಯೂಟರಿನ ಮುಂದೆ ಕೂತು ಮಾತಾಡಿ, ಬರೆದು ತೋರಿಸುವ ಪರೀಕ್ಷೆ ಇದೆ. ಅದನ್ನು ಪಾಸು ಮಾಡಿಸಲು ವಾರದ ರಜೆ ಬಿಟ್ಟು ಕಲಿಸುವ ಕನ್ನಡ ಶಾಲೆಯ ಮೇಡಂಗಳಿದ್ದಾರೆ. ಅವರನ್ನು ನಾನು ಗೇಲಿ ಮಾಡಲಾರೆ. ಒತ್ತಕ್ಷರ ತಿದ್ದಿಸಿ ತಿದ್ದಿಸಿ ಕೈ ಸೋತವರು ಅವರು. ಆದರೆ ಸೇರಿಸಲು ಬರುವ ತಂದೆತಾಯಿಯ ಮೊದಲ ಪ್ರಶ್ನೆ ಏನಿರುತ್ತದೆಂದು ಅವರನ್ನೇ ಕೇಳಿ ನೋಡಿ: ‘ಕ್ರೆಡಿಟ್ ಸಿಗತ್ತಾ ಮೇಡಂ?’

ಇಷ್ಟೆಲ್ಲದರ ನಡುವೆ ಆ ಮನೆಗೆ ಅಜ್ಜಿ ಬಂದಿದ್ದಾರೆ, ಮುಳಬಾಗಿಲಿನವರು. ಆರು ತಿಂಗಳ ವೀಸಾ. ಕನ್ನಡ ಮನೆಮಾತು, ತೆಲುಗು ಬೀದಿಯಲ್ಲಿ ಆಡುತ್ತಾ ಬಂದದ್ದು, ತಮಿಳು ಮದುವೆಯಾಗಿ ಕೆಜಿಎಫ್‌ನ ಕ್ವಾರ್ಟರ್ಸ್ ಸೇರಿದ ಮೇಲೆ ನಲ್ಲಿಕಟ್ಟೆಯಲ್ಲಿ ಕಲಿತದ್ದು, ಉರ್ದು ಬಳೆ ಸಾಬರ ಹತ್ತಿರ ಚೌಕಾಸಿಗೆ. ಒಟ್ಟು ನಾಲ್ಕು, ನಾಲ್ಕರಲ್ಲೂ ಜಗಳ ಆಡಬಲ್ಲರು. ಭಾರತದ ಜನಗಣತಿ ಮಾತೃಭಾಷೆ ಬಿಟ್ಟು ಇನ್ನೆರಡನ್ನು ಮಾತ್ರ ಬರೆದುಕೊಳ್ಳುತ್ತದೆ, ಹಾಗಾಗಿ 2011ರಲ್ಲೇ ಅಜ್ಜಿಯ ಒಂದು ಭಾಷೆ ಮುಳಬಾಗಿಲಿನಲ್ಲಿ ಬಿದ್ದುಹೋಯಿತು. ಉಳಿದ ಮೂರರಲ್ಲಿ ಎರಡು ಬಿದ್ದದ್ದು ಡ್ಯಾನ್‌ವಿಲ್‌ನಲ್ಲಿ.

ಹೇಗೆಂದರೆ, ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಸಮೀಕ್ಷೆ ಪ್ರತಿ ವರ್ಷ ಸುಮಾರು 35 ಲಕ್ಷ ವಿಳಾಸಗಳನ್ನು ಆರಿಸಿ ಕಾಗದ ಕಳಿಸುತ್ತದೆ. ಎರಡು ತಿಂಗಳಿಗಿಂತ ಹೆಚ್ಚು ಉಳಿಯಲು ಬಂದವರೂ ಲೆಕ್ಕಕ್ಕೆ ಸೇರುತ್ತಾರೆ, ಹಾಗಾಗಿ ವೀಸಾದ ಅಜ್ಜಿಯೂ ಬಂದರು. ಐದು ವರ್ಷ ದಾಟಿದವರೆಲ್ಲರ ಬಗ್ಗೆ ಮೂರು ಪ್ರಶ್ನೆ: ಮನೆಯಲ್ಲಿ ಇಂಗ್ಲಿಷ್ ಅಲ್ಲದ ಭಾಷೆ ಆಡುತ್ತಾರಾ, ಅದು ಯಾವುದು, ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ? 1980ರ ಜನಗಣತಿಯಿಂದಲೂ ಇದೇ ಮೂರು. ಎರಡನೆಯದಕ್ಕೆ ಇರುವುದು ಒಂದೇ ಖಾನೆ. ಆ ಖಾನೆಯ ಭಾಷೆ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಈ ನಮೂನೆಯನ್ನು ನಮ್ಮ ಸಾಹಿತ್ಯಕ್ಕೆ ಹಚ್ಚಿದರೆ ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಕಾರ್ನಾಡರದು ಕೊಂಕಣಿ. ಕನ್ನಡದ ಎಂಟು ಜ್ಞಾನಪೀಠದಲ್ಲಿ ಮೂರು ಅಲ್ಲೇ ಕಡಿತ. ಇನ್ನೊಂದೆಡೆ ಬರೀ ‘ಶೂ ಬಿಚ್ಚು’ ಬಲ್ಲ ನಮ್ಮ ಹುಡುಗ ಅಪ್ಪಟ ಕನ್ನಡಿಗ. ಅದೂ ಪೂರ್ತಿ ಅಲ್ಲ, ಏಕೆಂದರೆ 2016ರಿಂದ ಪ್ರಕಟವಾಗುತ್ತಿರುವ ಕೋಷ್ಟಕದಲ್ಲಿ ತೆಲುಗಿಗೊಂದು ಸಾಲು, ತಮಿಳಿಗೊಂದು ಸಾಲು, ನಮಗೆ ಮಾತ್ರ ‘ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು’ ಎಂಬ ಪಾಲುದಾರಿಕೆಯ ಬಾಡಿಗೆ ಮನೆ. ಇದನ್ನು ಖಂಡಿಸುವ ವಾಟ್ಸ್ಆ್ಯಪ್ ಸಂದೇಶವನ್ನು ನಾನೂ ಓದಿದ್ದೇನೆ. ಇಂಗ್ಲಿಷ್ ಬಹಳ ಚೆನ್ನಾಗಿತ್ತು.

ಮೂರನೇ ಪ್ರಶ್ನೆಗೆ ನಾಲ್ಕು ಚೌಕ: ತುಂಬ ಚೆನ್ನಾಗಿ, ಚೆನ್ನಾಗಿ, ಅಷ್ಟಕ್ಕಷ್ಟೆ, ಬರುವುದೇ ಇಲ್ಲ. ‘ತುಂಬ ಚೆನ್ನಾಗಿ’ ಬಿಟ್ಟು ಉಳಿದವರೆಲ್ಲ ‘ಇಂಗ್ಲಿಷ್ ಕೊರತೆಯವರು’ ಎಂಬ ಗುಂಪಿಗೆ ಹೋಗುತ್ತಾರೆ, ‘ಚೆನ್ನಾಗಿ’ ಎಂದವರೂ. ವಿನಯಕ್ಕೆ ಇಲ್ಲಿ ದಂಡ. ಮನೆಯ ದೊಡ್ಡವರೆಲ್ಲ ಈ ವಿನಯ ತೋರಿದರೆ ಆ ಮನೆಯನ್ನು ‘ಭಾಷಿಕವಾಗಿ ಒಂಟಿ’ ಎಂದು ಕರೆಯುತ್ತಿದ್ದರು. ಈಗ ಆ ಹೆಸರು ಬಿಟ್ಟಿದ್ದಾರೆ. ನಾಲ್ಕು ಭಾಷೆಯಲ್ಲಿ ನೆರೆಹೊರೆ ಕಟ್ಟಿಕೊಂಡವರು ಒಂಟಿ, ಒಂದೇ ಭಾಷೆಯಲ್ಲಿ ಬೇಲಿಯಾಚೆಯವನ ಹೆಸರೂ ತಿಳಿಯದವನು ಒಂಟಿಯಲ್ಲ!

ಫಾರಂ ತುಂಬುವ ಹಕ್ಕು ಅಜ್ಜಿಯ ಮಗನದು. ಅವನು ತನಗೆ, ಹೆಂಡತಿಗೆ, ಮಗನಿಗೆ ‘ತುಂಬ ಚೆನ್ನಾಗಿ’ ಹಾಕಿ ಅಜ್ಜಿಯ ಹಾಳೆಗೆ ಬಂದ. ಅಜ್ಜಿ ಎದುರಿಗೇ ಕೊತ್ತಂಬರಿ ಬಿಡಿಸುತ್ತಾ ಕೂತಿದ್ದರು.

‘ನಂದು ಏನಪ್ಪ ಬರ್ದೆ?’

‘ಇಂಗ್ಲಿಷು ಅಷ್ಟಕ್ಕಷ್ಟೆ ಅಂತ ಹಾಕಿದೀನಿ, ಅಮ್ಮ.’

‘ಇರೋದೇ ತಾನೆ. ನಿನ್ ಮಗನ ಕನ್ನಡ ಹೆಂಗೆ ಅಂತ ಕೇಳವ್ರಾ?’

‘ಇಲ್ಲಮ್ಮ, ಅದನ್ನ ಕೇಳಲ್ಲ.’

‘ಬಚಾವಾದೆ ಬಿಡು,’ ಎಂದರು ಅಜ್ಜಿ. ‘ಇನ್ನೊಂದು ಕಟ್ಟು ಕೊತ್ತಂಬರಿ ತಾ ಇಲ್ಲಿ.’