ಜಾತಕ ಕೂಡದ ಬೋಲ್ಟು

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಬಿಡಿಭಾಗದ ಬೇಟೆ ನಿಂತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಾಟರ್ ಪಂಪ್ ಕೇಳಿದರೆ ಅಂಗಡಿಯವರು ಹೆಣ್ಣು ಕೊಡುವವರಂತೆ ವಿಚಾರಿಸುತ್ತಾರೆ: “ಯಾವ ಮಾರ್ಕು? ಪೆಟ್ರೋಲೋ ಡೀಸೆಲ್ಲೋ? ಹಳೇ ಎಂಜಿನ್ನೋ, ಇಸುಜುನೋ?”

ಪ್ರಶ್ನೆ ನ್ಯಾಯವಾದದ್ದೇ. ಹಳೆಯ ಎಂಜಿನ್ ಇಂಗ್ಲೆಂಡಿನ ವಂಶ, ಇಂಚಿನ ಲೆಕ್ಕ. 1990ರ ದಶಕದಲ್ಲಿ ಬಂದ ಇಸುಜು ಜಪಾನಿನದು, ಮಿಲಿಮೀಟರ್ ಲೆಕ್ಕ. ಅರ್ಧ ಇಂಚೆಂದರೆ 12.7 ಮಿಲಿಮೀಟರ್. ಆ ಅಳತೆಯ ಬೋಲ್ಟ್ ತಲೆಗೆ 13 ನಂಬರ್ ಸ್ಪ್ಯಾನರ್ ಹಾಕಿದರೆ ಕೂತಂತೆ ನಟಿಸಿ, ಬಲ ಬಿದ್ದಾಗ ಜಾರಿ, ಬೋಲ್ಟಿನ ಮೂಲೆಗಳನ್ನೇ ಸವೆಸುತ್ತದೆ.

ಹಾಗಾಗಿ ಹಳೇ ಭಾಗ ಹಿಡಿದುಕೊಂಡೇ ಅಂಗಡಿಗೆ ಹೋಗಿ. ತೂತಿಗೆ ತೂತು, ಹಲ್ಲಿಗೆ ಹಲ್ಲು ಹೊಂದಿಸಿ ನೋಡಿ. ಇಷ್ಟಾದ ಮೇಲೂ ಮೆಕ್ಯಾನಿಕ್ “ಸ್ವಲ್ಪ ಅರ ಹಾಕಿದ್ರೆ ಕೂತ್ಕೊಳ್ಳುತ್ತೆ ಸಾರ್” ಎಂದರೆ, ಮೊದಲು ಆ ಅರ ಬಚ್ಚಿಡಿ!