ನವವೇಪಿ ಧರ್ಮನಿರ್ಣಯ: ಸುರುಳಿಯ ರೋಧವನ್ನೂ ಬ್ಯಾಟರಿಯ ಕೋಪವನ್ನೂ ಕುರಿತ ಲಘು ಮೀಮಾಂಸೆ

ಉಪೋದ್ಘಾತ

ಯಾವ ವ್ಯಸನವೂ ಶಾಸ್ತ್ರದ ಆಶ್ರಯವಿಲ್ಲದೆ ಬಹುಕಾಲ ಬಾಳಿದ ನಿದರ್ಶನ ಲೋಕದಲ್ಲಿಲ್ಲ. ಜೂಜಿಗೆ ಗಣಿತವು ಒದಗಿಬಂದಿತು. ಮದ್ಯಕ್ಕೆ ರಸಾಯನವು ಒದಗಿತು. ನಶ್ಯಕ್ಕಂತೂ, ಚಿಟಿಕೆಯನ್ನು ಮೂಗಿಗೇರಿಸಿದ ಹೊರತು ಪೂರ್ವಪಕ್ಷವೇ ಹೊಳೆಯದ ಪಂಡಿತರ ದೀರ್ಘ ಪರಂಪರೆಯೇ ಬೆಂಗಾವಲಾಗಿ ನಿಂತಿತು. ಹೀಗಿರುವಲ್ಲಿ, ಇಂಗ್ಲೆಂಡಿನ ಪೇಟೆಬೀದಿಗಳಲ್ಲಿ ವೇಪಿಂಗ್ ಎಂಬ ನಾಮಧೇಯದಿಂದ ಪ್ರಸಿದ್ಧವಾಗಿ, ಕಿಡಿಯಿಲ್ಲದೆ, ಬೂದಿಯಿಲ್ಲದೆ, ಬೆಂಕಿಕಡ್ಡಿಯ ಹಂಗಿಲ್ಲದೆ, ಒಂದು ಬ್ಯಾಟರಿ, ಒಂದು ತಂತಿಸುರುಳಿ, ತುಸು ಹತ್ತಿ, ಕೆಲವು ತೊಟ್ಟು ದ್ರವ, ಇಷ್ಟರಿಂದಲೇ ಆಷಾಢದ ಆಗುಂಬೆಯನ್ನು ಬಾಯಿಂದ ಹೊರಡಿಸುವ ಈ ನವೀನ ವಿಧಿಗೆ ಮಾತ್ರ ಇಂದಿನವರೆಗೆ ತಕ್ಕ ಭಾಷ್ಯಕಾರನೊಬ್ಬನು ದೊರೆಯದೆ ಹೋದುದು ಶೋಚನೀಯವೇ ಸರಿ.

ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಶಾಸ್ತ್ರಗ್ರಂಥಕ್ಕೆ ಅನುಬಂಧಚತುಷ್ಟಯವಿರಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಇಲ್ಲಿ ವಿಷಯವು ಸುರುಳಿಯ ರೋಧ. ಪ್ರಯೋಜನವು ಷರಾಯಿ ಜೇಬಿನ ಸಂರಕ್ಷಣೆ. ಸಂಬಂಧವು ಆ ಎರಡರ ನಡುವೆ ಇದ್ದೂ ಇಲ್ಲದಂತೆ ತೋರುವ ಭಾಗಾಕಾರದ ಲೆಕ್ಕ. ಅಧಿಕಾರಿಯಾರೆಂಬುದು ವಿವಾದಾಸ್ಪದವಾದುದರಿಂದ ಅದಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿರಿಸಿದೆ.

ಯಾವ ನೂತನ ವಸ್ತು ಕಣ್ಣಿಗೆ ಬಿದ್ದರೂ ಅದು ನಮ್ಮಲ್ಲಿ ಹಿಂದೆಯೇ ಇತ್ತೆಂದು ಸಾಧಿಸುವ ಪಂಗಡವೊಂದುಂಟಷ್ಟೆ. ಅವರು ಇಲ್ಲಿ ಚರಕಸಂಹಿತೆಯ ಸೂತ್ರಸ್ಥಾನವನ್ನು ಮುಂದೊಡ್ಡುತ್ತಾರೆ. ಅಲ್ಲಿ ಧೂಮನೇತ್ರವೆಂಬ ನಳಿಗೆಯೂ, ಔಷಧದ್ರವ್ಯಗಳನ್ನು ಅರೆದು ಮಾಡಿದ ಧೂಮವರ್ತಿಯೂ, ಧೂಮಪಾನಕ್ಕೆ ವಿಹಿತವಾದ ಎಂಟು ಕಾಲಗಳೂ, ನಳಿಗೆಯಲ್ಲಿ ದೂರ ಸಾಗಿಬಂದ ಹೊಗೆಯು ಇಂದ್ರಿಯಗಳನ್ನು ಬಾಧಿಸದೆಂಬ ಸೂಕ್ಷ್ಮವೂ ಉಕ್ತವಾಗಿರುವುದು ನಿಜ. ಆದರೆ ಬ್ಯಾಟರಿಯ ಪ್ರಸ್ತಾಪ ಅಲ್ಲಿಲ್ಲ. ಬ್ಯಾಟರಿಯಿಲ್ಲದೆಡೆ ಸಿಡಿಯುವ ಪ್ರಸಂಗವಿಲ್ಲ. ಸಿಡಿಯದ ವಸ್ತುವಿನಲ್ಲಿ ನಮ್ಮ ಶಾಸ್ತ್ರಕ್ಕೆ ಆಸಕ್ತಿಯಿಲ್ಲ. ಆದುದರಿಂದ, ತಂಬಾಕಿಲ್ಲದ, ಹೊಗೆಯಿಲ್ಲದ ಸಿಗರೇಟೊಂದಕ್ಕೆ 1963ರಲ್ಲಿ ಅರ್ಜಿ ಹಾಕಿ 1965ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಹರ್ಬರ್ಟ್ ಗಿಲ್ಬರ್ಟನನ್ನು ಮಂತ್ರದ್ರಷ್ಟಾರನೆಂದೂ, ಅವನಿಗೆ ಮಂತ್ರವು ಕಂಡಿತಾದರೂ ಮಾಲು ಮಾರುಕಟ್ಟೆಗೆ ಬಾರದೆ ಹೋದುದರಿಂದ, 2003ರಲ್ಲಿ ಅದಕ್ಕೆ ಇಂದಿನ ರೂಪವನ್ನಿತ್ತ ಚೀನಾದ ಔಷಧತಜ್ಞ ಹೊನ್ ಲಿಕ್‌ನನ್ನು ಸೂತ್ರಕಾರನೆಂದೂ ಗ್ರಹಿಸತಕ್ಕದ್ದು.

ಅಧಿಕಾರಿ ನಿರ್ಣಯ

ಅಧಿಕಾರವು ದೇಶಭೇದದಿಂದ ಭಿನ್ನವಾಗುತ್ತದೆ. ಬ್ರಿಟನ್ನಿನಲ್ಲಿ ಹದಿನೆಂಟು ವರ್ಷ ತುಂಬಿದ, ಸಿಗರೇಟಿನ ದಾಸ್ಯದಿಂದ ಬಿಡುಗಡೆ ಬಯಸುವ ಮುಮುಕ್ಷುವೇ ಮುಖ್ಯಾಧಿಕಾರಿ. ಸಿಗರೇಟಿಗಿಂತ ಇದರ ಕೇಡು ಕಡಮೆಯಾದರೂ ಇದು ನಿರಪಾಯವಲ್ಲವೆಂದೂ, ಸೇದುವ ಅಭ್ಯಾಸವೇ ಇಲ್ಲದವನು ಇದನ್ನು ಆರಂಭಿಸಬಾರದೆಂದೂ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯ ಉಪದೇಶ. 2025ರ ಜೂನ್ 1ರಿಂದ ಒಮ್ಮೆ ಸೇದಿ ಬಿಸಾಡುವ ವೇಪುಗಳ ಮಾರಾಟವು ಆ ದೇಶದಲ್ಲಿ ನಿಷಿದ್ಧವಾದುದರಿಂದ, ಅದುವರೆಗೆ ಒಳಗಿನ ಸುರುಳಿಯನ್ನು ಕಣ್ಣಿಂದಲೂ ಕಾಣದೆ ಸುಖವಾಗಿದ್ದ ಬಹು ಮಂದಿಯು ದ್ರವ ತುಂಬುವ, ಸುರುಳಿ ಬದಲಿಸುವ, ಬ್ಯಾಟರಿ ಚಾರ್ಜ್ ಮಾಡುವ ಕರ್ಮಕಾಂಡಕ್ಕೆ ಉಪನಯನವಿಲ್ಲದೆಯೇ ಬಂದು ನಿಂತಿದ್ದಾರೆ. ಈ ಪ್ರಬಂಧವು ಅವರಿಗಾಗಿಯೇ ರಚಿತವಾದುದು.

ಭಾರತದಲ್ಲಿಯಾದರೋ ಇದಕ್ಕೆ ಪೇಟೆಯೇ ಇಲ್ಲ. ಕರ್ನಾಟಕವು 2016ರಲ್ಲಿಯೇ ಮಾರಾಟವನ್ನು ನಿಷೇಧಿಸಿತ್ತು. 2019ರ ಕೇಂದ್ರ ಕಾಯಿದೆಯು ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ದಾಸ್ತಾನು, ಜಾಹೀರಾತು ಎಂಬ ಅಷ್ಟಾಂಗಗಳನ್ನೂ ನಿಷೇಧಿಸಿ, ಮಾರಾಟವೇ ಮೊದಲಾದವುಗಳ ಪ್ರಥಮಾಪರಾಧಕ್ಕೆ ಒಂದು ವರ್ಷದವರೆಗಿನ ಸೆರೆವಾಸವನ್ನೋ, ಒಂದು ಲಕ್ಷ ರೂಪಾಯಿಯವರೆಗಿನ ದಂಡವನ್ನೋ, ಎರಡನ್ನೂ ಕೂಡಿಯೋ ವಿಧಿಸಿತು. ಆದಕಾರಣ ಮ್ಯಾಂಚೆಸ್ಟರಿನಲ್ಲಿ ನೆಲಸಿರುವ ಕನ್ನಡಿಗನು ಇದನ್ನು ಆಚರಣಾರ್ಥವಾಗಿಯೂ, ಮಂಡ್ಯದಲ್ಲಿರುವ ಅವನ ಸೋದರಮಾವನು ಕೇವಲ ಜ್ಞಾನಾರ್ಥವಾಗಿಯೂ ಓದತಕ್ಕದ್ದು. ರಜೆಗೆ ಊರಿಗೆ ಹೊರಟ ಅಳಿಯನು ಯಂತ್ರವನ್ನು ಮ್ಯಾಂಚೆಸ್ಟರಿನಲ್ಲಿಯೇ ಬಿಟ್ಟು ಬರತಕ್ಕದ್ದು.

ಓಮ್ ಸೂತ್ರ ವ್ಯಾಖ್ಯಾನ

ಸಮಸ್ತ ಶಾಸ್ತ್ರಕ್ಕೂ ಮೂಲಸೂತ್ರವು ಒಂದೇ: ವಿಭವಾಂತರವನ್ನು ರೋಧದಿಂದ ಭಾಗಿಸಲು ಪ್ರವಾಹವು ಲಭಿಸುತ್ತದೆ. ಜರ್ಮನಿಯ ಕಲೋನ್ ನಗರದಲ್ಲಿ ಉಪಾಧ್ಯಾಯನಾಗಿದ್ದ ಗೆಯೋರ್ಗ್ ಸೈಮನ್ ಓಮ್ ಎಂಬವನು 1827ರ ತನ್ನ ಗ್ರಂಥದಲ್ಲಿ ಇದನ್ನು ಪ್ರತಿಪಾದಿಸಿದಾಗ ಸ್ವದೇಶದ ವಿದ್ವಾಂಸರು ಅದನ್ನು ಅನಾದರದಿಂದ ಕಂಡರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕೋಪ್ಲಿ ಪದಕವನ್ನಿತ್ತ ತರುವಾಯ ಆದರವು ಹೆಚ್ಚಿತು. ನವವೇಪಿಗಳು ಇಂದಿಗೂ ಮೊದಲಿನ ವಿದ್ವಾಂಸರ ಪಕ್ಷದಲ್ಲಿಯೇ ಇರುವರೆಂಬುದು ಅವರ ಜೇಬುಗಳಿಂದ ತಿಳಿದುಬರುತ್ತದೆ.

ಏಕೆಂದರೆ ಕಡಮೆ ರೋಧವೆಂದರೆ ಕಡಮೆ ಅಪಾಯವೆಂದು ನವವೇಪಿಯು ತಿಳಿಯುತ್ತಾನೆ. ಇದು ಸಹಜವಾದ ಭ್ರಾಂತಿ; ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ರೋಧ ಒಡ್ಡದವನನ್ನು ಸಾಧುವೆಂದೇ ನಾವು ಕರೆಯುತ್ತೇವೆ. ಸುರುಳಿಯ ಲೋಕದಲ್ಲಿ ಈ ನ್ಯಾಯವು ತಲೆಕೆಳಗು. ಪೂರ್ತಿ ಚಾರ್ಜಾದ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ 4.2 ವೋಲ್ಟುಗಳಿರುತ್ತವೆ. ಅದನ್ನು 1 ಓಮ್ ಸುರುಳಿಗೆ ನೇರವಾಗಿ ಜೋಡಿಸಿದರೆ 4.2 ಆಂಪಿಯರ್ ಹರಿದು ಸುಮಾರು 18 ವ್ಯಾಟ್ ಉಷ್ಣವು ಹುಟ್ಟುತ್ತದೆ, 0.5 ಓಮಿಗೆ 8.4 ಆಂಪಿಯರ್, 35 ವ್ಯಾಟ್, 0.2 ಓಮಿಗೆ 21 ಆಂಪಿಯರ್, 88 ವ್ಯಾಟ್, 0.1 ಓಮಿಗೆ 42 ಆಂಪಿಯರ್, 176 ವ್ಯಾಟ್. ಸುರುಳಿಯು ಸೌಮ್ಯವಾದಷ್ಟೂ ಬ್ಯಾಟರಿಯು ಉಗ್ರವಾಗುತ್ತದೆ. ಇನ್ನು ಪ್ರವಾಹದ ವರ್ಗಕ್ಕನುಸಾರವಾಗಿ ತಂತಿಯಲ್ಲಿ ಉಷ್ಣವುಂಟಾಗುವುದೆಂದು ತೋರಿಸಿಕೊಟ್ಟ ಜೇಮ್ಸ್ ಜೂಲ್ ಮಹಾಶಯನು ಮ್ಯಾಂಚೆಸ್ಟರಿನ ನೆರೆಯ ಸಾಲ್ಫರ್ಡಿನ ಬಿಯರ್ ತಯಾರಕನ ಮಗನೆಂಬುದು, ಒಂದು ವ್ಯಸನವು ಮತ್ತೊಂದಕ್ಕೆ ಪ್ರಮಾಣವನ್ನೊದಗಿಸಿದುದಕ್ಕೆ ಉತ್ತಮ ಉದಾಹರಣೆ.

ಸುರುಳಿಯ ಲಕ್ಷಣ

ಸುರುಳಿಯು ದ್ರವ್ಯಭೇದದಿಂದ ಬಹುವಿಧ: ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂಗಳು ಬೆರೆತ ಕಾಂತಲ್, ನಿಕ್ಕಲ್ ಕ್ರೋಮಿಯಂಗಳ ನೈಕ್ರೋಮ್, ಹಾಗೆಯೇ ಉಕ್ಕು, ನಿಕ್ಕಲ್, ಟೈಟೇನಿಯಂ. ಕಾದಾಗ ರೋಧವು ಹೆಚ್ಚುವ ಕಡೆಯ ಮೂರನ್ನು ಯಂತ್ರದ ಉಷ್ಣನಿಯಂತ್ರಣ ವಿಧಾನದಲ್ಲಿ ಉಪಯೋಗಿಸುವುದುಂಟು. ಕಾಂತಲ್ ಆದರೋ ಎಷ್ಟು ಕಾದರೂ ತನ್ನ ರೋಧವನ್ನು ಹೆಚ್ಚುಕಡಮೆ ಬಿಟ್ಟುಕೊಡದ ಸ್ಥಿತಪ್ರಜ್ಞ. ಒಂದೊಂದು ಓಮಿನ ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿ ಸಮಾನಾಂತರವಾಗಿ ಕೂಡಿಸಿದರೆ ಒಟ್ಟು ರೋಧವು ಎರಡು ಓಮ್ ಆಗದೆ ಅರ್ಧ ಓಮ್ ಆಗುವುದೆಂಬ ವಿಸ್ಮಯವನ್ನು ಸ್ವಂತ ಕೈಯಿಂದ ತಂತಿ ಸುತ್ತಹೊರಡುವವನು ಮೊದಲು ಕಂಠಪಾಠ ಮಾಡತಕ್ಕದ್ದು, ಓಮ್ ಮಾಪಕವಿಲ್ಲದೆ ಸುತ್ತಲು ತೊಡಗಬಾರದು.

ಉಪಾಸಕರಲ್ಲಿ ಎರಡು ಸಂಪ್ರದಾಯಗಳು. ಆವಿಯನ್ನು ಮೊದಲು ಬಾಯಲ್ಲಿ ತುಂಬಿಕೊಂಡು ಆ ಮೇಲೆ ಒಳಗೆಳೆಯುವವರು ಮುಖವಾದಿಗಳು. ಇವರಿಗೆ 1 ಓಮಿನ ಆಸುಪಾಸಿನ ಅಥವಾ ಅದಕ್ಕೂ ಮೇಲಿನ ಸುರುಳಿ, ಕೆಲವೇ ವ್ಯಾಟುಗಳು ಸಾಕು. ನೇರವಾಗಿ ಶ್ವಾಸಕೋಶಕ್ಕೇ ಎಳೆದು ಕೋಣೆಯನ್ನೆಲ್ಲ ಮುಚ್ಚುವವರು ಮೇಘವಾದಿಗಳು. ಇವರು ಒಂದು ಓಮಿಗಿಂತ ಕೆಳಗೇ ಸಂಚರಿಸುವರು. ಬ್ರಿಟನ್ನಿನ ಕಾನೂನು ದ್ರವದ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಕೂಡದೆನ್ನುತ್ತದೆ. ಆ 20ರ ದ್ರವವನ್ನು ಮೇಘವಾದಿಯ ಟ್ಯಾಂಕಿಗೆ ತುಂಬಿ ಎಳೆದವನಿಗೆ ತಲೆ ಸುತ್ತಿ ವಾಕರಿಕೆ ಬಂದರೆ ಅದನ್ನು ಆತ್ಮಾನುಭೂತಿಯೆಂದು ಭ್ರಮಿಸಬಾರದು. ಹೊಸ ಸುರುಳಿಯ ಹತ್ತಿಯನ್ನು ದ್ರವದಿಂದ ನೆನೆಸಿ, ಹತ್ತು ನಿಮಿಷ ಸುಮ್ಮನಿದ್ದು, ಅದರ ಮೇಲೆ ಮುದ್ರಿತವಾಗಿರುವ ವ್ಯಾಟುಗಳ ಕೆಳಮಿತಿಯಿಂದ ಆರಂಭಿಸುವುದು ಸದಾಚಾರ. ತಾಳ್ಮೆಗೆಟ್ಟವನ ಗಂಟಲಿಗೆ ಸುಟ್ಟ ಹತ್ತಿಯೇ ಪ್ರಸಾದ.

ಬ್ಯಾಟರಿಯ ಲಕ್ಷಣ ಮತ್ತು ಕೋಪ

ಬ್ಯಾಟರಿಯ ಮೇಲೆ 18650 ಎಂಬ ಸಂಖ್ಯೆಯನ್ನು ಕಂಡು ನವವೇಪಿಯು ಅದನ್ನು ಶಕ್ತಿಯೆಂದೋ ಬೆಲೆಯೆಂದೋ ಭಾವಿಸಕೂಡದು; ವ್ಯಾಸ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್, ಕಡೆಯ ಸೊನ್ನೆಯು ದುಂಡಾಕೃತಿಯ ಸೂಚಕ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಜಪಾನಿನ ಸೋನಿ ಕಂಪನಿಯು 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಮೂಲಪುರುಷರಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ತ್ರಿಮೂರ್ತಿಗಳಿಗೆ 2019ರಲ್ಲಿ ನೊಬೆಲ್ ಬಂದಿತು. ಗುಡ್‌ಇನಫ್ ಅವರಿಗೆ ಆಗ ತೊಂಬತ್ತೇಳು ವರ್ಷ. ಭಾರತವು ವೇಪನ್ನು ನಿಷೇಧಿಸಿದುದೂ ಅದೇ ವರ್ಷವಾದುದು ಕೇವಲ ಕಾಕತಾಳೀಯ. ಆದರೂ ಅದರಲ್ಲಿ ಗೂಢಾರ್ಥವನ್ನು ಕಾಣಲಿಚ್ಛಿಸುವ ಪಂಡಿತರನ್ನು ನಾವು ತಡೆಯುವುದಿಲ್ಲ.

ಬ್ಯಾಟರಿಯಲ್ಲಿ ನೋಡಬೇಕಾದ ಗುಣಗಳು ಎರಡು: ಎಷ್ಟು ಹೊತ್ತು ಬಾಳುವುದೆಂಬ ಮಿಲಿಆಂಪಿಯರ್-ಗಂಟೆ, ಎಷ್ಟು ಪ್ರವಾಹವನ್ನು ಎಡೆಬಿಡದೆ ಕೊಡಬಲ್ಲುದೆಂಬ ಆಂಪಿಯರ್. ಪ್ರಾಣವನ್ನು ಕಾಯುವುದು ಎರಡನೆಯದು. ಈ ಆಕಾರದ ಸಜ್ಜನ ಬ್ಯಾಟರಿಗಳು 3,500 ಮಿಲಿಆಂಪಿಯರ್-ಗಂಟೆಯ ಸುಮಾರಿಗೆ ನಿಲ್ಲುತ್ತವೆ. ಹೊದಿಕೆಯ ಮೇಲೆ 9,900 ಎಂದು ಬರೆದುಕೊಂಡು ಬರುವುದು ಬ್ಯಾಟರಿಯಲ್ಲ, ಕಾವ್ಯ, ಅದೂ ಅತಿಶಯೋಕ್ತ್ಯಲಂಕಾರ. ಕ್ಷಣಮಾತ್ರದ ಸಾಮರ್ಥ್ಯವನ್ನೇ ನಿರಂತರ ಸಾಮರ್ಥ್ಯದಂತೆ ಅಚ್ಚು ಹಾಕಿಸುವವರೂ ಉಂಟು. 20 ಆಂಪಿಯರ್ ನಿರಂತರವಾಗಿ ಕೊಡುವ ಬ್ಯಾಟರಿಗೆ 4.2ನ್ನು 20ರಿಂದ ಭಾಗಿಸಿದರೆ ಬರುವ 0.21 ಓಮ್ ಲಕ್ಷ್ಮಣರೇಖೆ. ರೇಖೆಯ ಮೇಲೆಯೇ ಕುಳಿತು ಧ್ಯಾನಿಸುವುದು ವಿವೇಕವಲ್ಲವಾದುದರಿಂದ, 14 ಆಂಪಿಯರಿನ 0.3 ಓಮಿಗಿಂತ ಕೆಳಗಿಳಿಯದಿರುವುದು ಲೇಸು.

ಈ ಲೆಕ್ಕವು ನಿಯಂತ್ರಕವಿಲ್ಲದೆ ಬ್ಯಾಟರಿಯನ್ನೂ ಸುರುಳಿಯನ್ನೂ ನೇರವಾಗಿ ಬೆಸೆಯುವ ಮೆಕ್ಯಾನಿಕಲ್ ಮಾಡ್ ಎಂಬ ಯಂತ್ರಕ್ಕೆ ಮಾತ್ರ ಅನ್ವಯ. ಅದು ಸಿದ್ಧಪುರುಷರ ಸಾಧನ, ನವವೇಪಿಗೆ ವರ್ಜ್ಯ. ಚಿಪ್ ಇರುವ ಯಂತ್ರದಲ್ಲಿ ಬ್ಯಾಟರಿಯ ಪ್ರವಾಹವನ್ನು ನಿರ್ಣಯಿಸುವುದು ಸುರುಳಿಯಲ್ಲ, ನೀವು ಇರಿಸಿದ ವ್ಯಾಟು. ಅದನ್ನು ಬ್ಯಾಟರಿಯ ಆ ಕ್ಷಣದ ವೋಲ್ಟಿನಿಂದ ಭಾಗಿಸಬೇಕು. ಒಂದೇ ಬ್ಯಾಟರಿಯ ಯಂತ್ರವನ್ನು 80 ವ್ಯಾಟಿಗಿಟ್ಟು, ಚಾರ್ಜು ಇಳಿದು 3.2 ವೋಲ್ಟಾದಾಗ 25 ಆಂಪಿಯರ್ ಬೇಕಾಗುವುದು. ಮನುಷ್ಯನು ದಣಿದಂತೆಲ್ಲ ಕೆಲಸ ಕಡಮೆ ಮಾಡುತ್ತಾನೆ. ಚಿಪ್ಪಿನ ಊಳಿಗದಲ್ಲಿರುವ ಬ್ಯಾಟರಿಯಾದರೋ ದಣಿದಂತೆಲ್ಲ ಹೆಚ್ಚು ದುಡಿಯಬೇಕು.

ಇನ್ನು ಕೋಪ. ಬ್ಯಾಟರಿಯ ಮೇಲ್ತುದಿಯ ಗುಂಡಿಯೊಂದು ಧನ. ಉಳಿದ ಲೋಹದ ಮೈಯೆಲ್ಲ ಋಣ. ಇವೆರಡರ ನಡುವೆ ಇರುವುದು ಒಂದು ಪುಟ್ಟ ಉಂಗುರ, ಒಂದು ತೆಳು ಪ್ಲಾಸ್ಟಿಕ್ ಹೊದಿಕೆ. ಆ ಹೊದಿಕೆ ಹರಿದರೆ, ಅಥವಾ ಬರಿಯ ಬ್ಯಾಟರಿಯನ್ನು ಬೀಗದಕೈ ಚಿಲ್ಲರೆಗಳ ಸಂಗದಲ್ಲಿ ಜೇಬಿಗಿಳಿಸಿದರೆ, ಧನಋಣಗಳಿಗೆ ಅಡ್ಡದಾರಿಯೊದಗಿ ಷಾರ್ಟ್ ಸರ್ಕ್ಯೂಟ್ ಆಗುತ್ತದೆ. ಉಷ್ಣದಿಂದ ಒಳಪರದೆ ಕರಗಿ, ದಹ್ಯವಾದ ದ್ರವವು ಅನಿಲವಾಗಿ, ಉಷ್ಣವೇ ಉಷ್ಣವನ್ನು ಹುಟ್ಟಿಸುತ್ತ ಹೋಗಿ ಬ್ಯಾಟರಿಯು ಉರಿಯನ್ನುಗುಳುತ್ತದೆ. ಅಮೆರಿಕದ ಅಗ್ನಿಶಾಮಕ ಆಡಳಿತವು 2017ರ ವರದಿಯಲ್ಲಿ, 2009ರಿಂದ 2016ರ ಕೊನೆಯವರೆಗೆ ಇ-ಸಿಗರೇಟು ಹೊತ್ತಿದ ಅಥವಾ ಸಿಡಿದ 195 ಪ್ರಸಂಗಗಳನ್ನು ಪಟ್ಟಿಮಾಡಿದೆ. ಅವುಗಳಲ್ಲಿ ಜೇಬಿನ ಪಾತ್ರವು ಅಲ್ಪವಲ್ಲ. ಬರಿಯ ಬ್ಯಾಟರಿಯನ್ನಿರಿಸುವ ಕೆಲವೇ ಕಾಸಿನ ಪ್ಲಾಸ್ಟಿಕ್ ಡಬ್ಬಿಯೊಂದು ಬೀಗದಕೈ ಚಿಲ್ಲರೆಗಳ ಸಂಗದೋಷಕ್ಕೆ ಪರಿಹಾರ. ಹೊದಿಕೆ ಹರಿದುದಕ್ಕೆ ಹೊಸ ಹೊದಿಕೆ ತೊಡಿಸುವುದು, ಮೈ ತಗ್ಗಿದುದನ್ನು ತ್ಯಜಿಸುವುದು, ಚಾರ್ಜಿಗಿಟ್ಟು ನಿದ್ರೆಹೋಗದಿರುವುದು, ಮುಗಿದುದನ್ನು ಕಸದ ತೊಟ್ಟಿಗೆಸೆಯದೆ ಬ್ಯಾಟರಿ ಸಂಗ್ರಹಿಸುವಲ್ಲಿಗೆ ಒಪ್ಪಿಸುವುದು, ಇವು ನಿತ್ಯಕರ್ಮಗಳು.

ವಿವಾಹ ಪ್ರಕರಣ

ಎರಡು ಬ್ಯಾಟರಿ ಬೇಡುವ ಯಂತ್ರಗಳಲ್ಲಿ ಅವುಗಳಿಗೆ ವಿವಾಹ ಮಾಡುವ ಪದ್ಧತಿಯು ವೇಪಿಗಳಲ್ಲಿ ನಿಜವಾಗಿಯೂ ಉಂಟು. ಮನುಷ್ಯರಿಗೆ ಸಗೋತ್ರ ವಿವಾಹವು ನಿಷಿದ್ಧವಾದರೆ ಇಲ್ಲಿ ಸಗೋತ್ರವೇ ವಿಹಿತ: ಒಂದೇ ಕಂಪನಿ, ಒಂದೇ ಮಾದರಿ, ಒಂದೇ ವಯಸ್ಸು, ಒಂದೇ ದಿನ ಕೊಂಡುದು. ಒಟ್ಟಿಗೆ ಚಾರ್ಜಾಗಿ ಒಟ್ಟಿಗೆ ಬರಿದಾಗಬೇಕು. ಪರಬ್ಯಾಟರಿಯ ಸಂಗ ಕೂಡದು. ಸರಣಿಯಲ್ಲಿರುವ ಜೋಡಿಯಲ್ಲಿ ಒಂದು ದುರ್ಬಲವಾದರೆ ಅದು ಮಿತಿಮೀರಿ ಬರಿದಾಗಿ ಕೆಡುವುದೇ ಇದಕ್ಕೆ ಕಾರಣ. ಒಂದು ಕಾಲವಶವಾದರೆ ಉಳಿದುದಕ್ಕೆ ಹೊಸ ಸಂಗಾತಿಯನ್ನು ತರುವಂತಿಲ್ಲ. ವಿಧವಾವಿವಾಹದ ವಿಷಯದಲ್ಲಿ ನಮ್ಮ ಸಮಾಜವು ಎಷ್ಟು ಸುಧಾರಿಸಿದ್ದರೂ ಬ್ಯಾಟರಿಗಳ ಸಮಾಜವು ಇನ್ನೂ ಕಡುಸಂಪ್ರದಾಯಸ್ಥವೇ.

ಪೂರ್ವಪಕ್ಷ ಮತ್ತು ಸಿದ್ಧಾಂತ

ಇಲ್ಲಿ ಪೂರ್ವಪಕ್ಷಿಯು ಏಳುತ್ತಾನೆ: ನನ್ನ ಮಿತ್ರನು ಮೆಕ್ಯಾನಿಕಲ್ ಮಾಡಿನಲ್ಲಿ 0.1 ಓಮ್ ಸುರುಳಿಯನ್ನು ಸೇದುತ್ತ ಇನ್ನೂ ಬದುಕಿದ್ದಾನಲ್ಲ! ಸಮಾಧಾನ: ಬದುಕಿರುವ ಮಿತ್ರನು ಅದೃಷ್ಟಕ್ಕೆ ಪ್ರಮಾಣವೇ ಹೊರತು ಬ್ಯಾಟರಿಗೆ ಪ್ರಮಾಣನಲ್ಲ. ಅವನ ಮಾತನ್ನು ಶಬ್ದಪ್ರಮಾಣವೆಂದು ಅಂಗೀಕರಿಸಿದರೂ, ಬ್ಯಾಟರಿಯು ಒಂದು ದಿನ ಮಾಡುವ ಶಬ್ದವು ಅದಕ್ಕಿಂತ ಬಲವತ್ತರವಾದ ಪ್ರಮಾಣವಾದೀತು.

ಹಾಗಾದರೆ ಸರ್ವಥಾ ನಿರ್ಭಯವಾದ ರೋಧವು ಯಾವುದು? 0.3 ಓಮಿನಿಂದ 0.5ಕ್ಕೆ, ಅಲ್ಲಿಂದ 1ಕ್ಕೆ ಏರಿದಂತೆಲ್ಲ ಪ್ರವಾಹವು ಇಳಿಯುವುದನ್ನು ಕಂಡಿದ್ದೇವೆ. ಆ ದಾರಿಯಲ್ಲಿಯೇ ತರ್ಕವನ್ನು ನಡೆಸಿಕೊಂಡು ಹೋದರೆ, ರೋಧವು ಅನಂತವಾದಾಗ ಪ್ರವಾಹವು ಶೂನ್ಯ, ಉಷ್ಣವು ಶೂನ್ಯ, ಆವಿಯು ಶೂನ್ಯ, ಖರ್ಚೂ ಶೂನ್ಯ. ಈ ಅನಂತ ರೋಧದ ಸುರುಳಿಯು ಯಾವ ಅಂಗಡಿಯಲ್ಲಿಯೂ ಮಾರಾಟಕ್ಕಿಲ್ಲ. ಇದುವರೆಗೆ ಸೇದದವನ ಬಳಿ ಅದು ಆಗಲೇ ಇದೆ, ಅವನು ಅದನ್ನು ಬದಲಾಯಿಸದಿದ್ದರೆ ಸಾಕು. ಸಿಗರೇಟನ್ನು ಬಿಡಲೆಂದು ಈ ಮಾರ್ಗವನ್ನು ಹಿಡಿದವನು ಭಾಗಾಕಾರವನ್ನೂ ಪ್ಲಾಸ್ಟಿಕ್ ಡಬ್ಬಿಯನ್ನೂ ಮರೆಯದೆ ಮುಂದುವರಿದು, ಕ್ರಮೇಣ ಅದೇ ಅನಂತಕ್ಕೆ ಬಂದು ಸೇರತಕ್ಕದ್ದು.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಪಠಿಸಿದವನಿಗೆ ಮೋಕ್ಷವು ದೊರೆಯುವುದೆಂದು ನಾವು ಹೇಳಲಾರೆವು, ಷರಾಯಿಯ ಜೇಬು ಮಾತ್ರ ಉಳಿಯುತ್ತದೆ.