ತಗಡಿನ ಮೇಷ್ಟ್ರು

ಮೊಳಕಾಲ್ಮೂರಿಗೆ ನೆಂಟರು ಬಂದರೆ ರೇಷ್ಮೆ ಸೀರೆ ನೇಯುವ ಮಗ್ಗ ತೋರಿಸುವುದು ವಾಡಿಕೆ. ನಮ್ಮ ತಗಡಿನ ಮೇಷ್ಟ್ರು ಬರ್ಮಾ ಶೆಲ್ ತೋರಿಸುತ್ತಾರೆ. ಪಡಸಾಲೆಯ ಗೋಡೆಯಲ್ಲಿ ದೇವರ ಪಟಕ್ಕೆ ಉಳಿದಿರುವುದು ಒಂದೇ ಮೊಳೆ. ಮಿಕ್ಕದ್ದೆಲ್ಲ ಬ್ರೂಕ್ ಬಾಂಡ್, ಡನ್ಲಪ್, ಸಿಂಗರ್ ಕಂಪನಿಗಳ ಹಳೇ ಜಾಹೀರಾತಿನ ತಗಡು.

ನಿವೃತ್ತರಾದರೂ ಪಾಠ ಬಿಟ್ಟಿಲ್ಲ. "ಇದು ಬಳಿದ ಬಣ್ಣ ಅಲ್ಲ ಕಣಯ್ಯ. ಗಾಜಿನ ಪುಡೀನ 800 ಡಿಗ್ರಿ ಕಾವಲ್ಲಿ ಕರಗಿಸಿ ಕಬ್ಬಿಣಕ್ಕೆ ಹತ್ತಿಸಿರೋದು." ಹೊಸ ತಗಡನ್ನು ತಿಪ್ಪೆಯಲ್ಲಿ ಹೂತು, ತುಕ್ಕು ಹಿಡಿಸಿ, ತಾತನ ಕಾಲದ್ದೆಂದು ಮಾರುವವರಿದ್ದಾರಲ್ಲ, ಅವರ ಆಟ ಇವರ ಹತ್ತಿರ ನಡೆಯದು. ಮೊಳೆತೂತಿನ ಸುತ್ತ ಬೆರಳಾಡಿಸಿ, ಗಾಜು ಎಗರಿ ಕಬ್ಬಿಣ ಕಂಡರಷ್ಟೇ ಜೇಬಿಗೆ ಕೈ. 1976ರಲ್ಲಿ ಸರ್ಕಾರ ಬರ್ಮಾ ಶೆಲ್ಲನ್ನು ವಹಿಸಿಕೊಂಡದ್ದು ಅವರ ಪಾಲಿಗೆ ಹಬ್ಬ. ಬಂಕಿಗೆ ಹೊಸ ಬೋರ್ಡು ಬಂದದ್ದಕ್ಕೆ ತಾನೇ ಹಳೆಯದು ಗುಜರಿಗೆ ಬಿದ್ದದ್ದು!

"ನೂರು ವರ್ಷ ತುಂಬಲಿ, 1972ರ ಕಾಯ್ದೆ ಪ್ರಕಾರ ಇವೂ ಪುರಾತನ ವಸ್ತು" ಎಂದರೆ, ಒಳಗಿನಿಂದ ಮನೆಯಾಕೆಯ ದನಿ: "ಅಷ್ಟೊತ್ತಿಗೆ ನಾನೂ ಆಗಿರ್ತೀನಿ."

ಬ್ರಹ್ಮಗಿರಿಗೆ ಹೋದರೂ ಅದೇ ಧ್ಯಾನ. 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನದ ಮುಂದೆ ನಾವು ಧರ್ಮದ ಮಾತು ಹುಡುಕಿದರೆ, ಮೇಷ್ಟ್ರ ಕಣ್ಣು ಕೊನೆಯ ಸಾಲಿಗೆ. ಬರೆದವನು ಚಪಡ. ತಾನು ಲಿಪಿಕಾರ ಎಂಬುದನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿಯಲ್ಲಿ ಕೊರೆದಿದ್ದಾನೆ. "ಬೋರ್ಡಿನ ಮೂಲೇಲಿ ಪೇಂಟರ್ ಹೆಸರು ಹಾಕೋದು ನಮ್ಮ ತಾಲ್ಲೂಕಿನ ಪದ್ಧತಿ ಕಣ್ರೀ!" ಚಪಡನ ಬಡಾಯಿ ಇವರಿಗೂ ಸ್ವಲ್ಪ ಹತ್ತಿದೆ ಎಂದು ನನ್ನ ಗುಮಾನಿ.

ಎಲ್ಲಕ್ಕಿಂತ ಮುದ್ದಿನದು ಬೆಂಗಳೂರಿನ ಗುಜರಿಯಲ್ಲಿ ಸಿಕ್ಕ ಬಿಯರ್ ಟ್ರೇ. ನಡುವೆ ನೊರೆ ಉಕ್ಕುವ ಗ್ಲಾಸು. ಮಗಳನ್ನು ನೋಡಲು ಚಳ್ಳಕೆರೆಯ ಎಣ್ಣೆಮಿಲ್ಲಿನವರು ಬಂದ ದಿನ, ಗಡಿಬಿಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಅದರಲ್ಲೇ ಬಂತು. ಮಂಡಕ್ಕಿ ಕರಗಿದಂತೆ ನೊರೆ ಮೇಲೆದ್ದಿತು. ಗಂಡಿನ ತಂದೆ ಕೈ ತಡೆದರು.

"ಏನ್ ಮೇಷ್ಟ್ರೇ, ತಾವು ಮುಟ್ಟೋರಲ್ಲ ಅಂದಿದ್ರು?"

"ಒಂದ್ ಹನಿ ಮುಟ್ಟಿಲ್ಲ ಸ್ವಾಮಿ!" ಅಷ್ಟಕ್ಕೆ ನಿಲ್ಲಿಸಬಹುದಿತ್ತು. "1915ರಲ್ಲಿ ಥಾಮಸ್ ಲೀಶ್ಮನ್ ಅನ್ನೋನು ಐದು ಬ್ರೂವರಿ ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ..." ಎಂದು ಶುರುವಾಯಿತು. ಮನೆಯಾಕೆ ಬಾಗಿಲ ಮರೆಯಲ್ಲಿ ಹಣೆ ಚಚ್ಚಿಕೊಂಡರು. ಹುಡುಗಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು, ಹುಡುಗ ಮುಚ್ಚಿಕೊಳ್ಳಲಿಲ್ಲ.

ಪೂರಾ ಕೇಳಿಸಿಕೊಂಡ ಗಂಡಿನ ತಂದೆ, "ಇಂಥ ಹಳೇ ತಗಡು ನಮ್ಮ ದನದ ಕೊಟ್ಟಿಗೆಗೂ ಹೊದಿಸಿದೀವಿ, ಎರಡು" ಎಂದರು. ಮೇಷ್ಟ್ರು ಆಗಲೇ ಚಪ್ಪಲಿ ಮೆಟ್ಟಿದ್ದರು. ಬಂದವರ ಕಾರಿನಲ್ಲೇ ಚಳ್ಳಕೆರೆಗೆ ಹೋಗಿ ರಾತ್ರಿ ಬಸ್ಸಿಗೆ ವಾಪಸಾದರು.

"ಏನಂದ್ರು? ಒಪ್ಪಿದ್ರಾ?" ಮನೆಯಾಕೆ ಕೇಳಿದರು.

"ಒಂದಕ್ಕೆ ಒಪ್ಪಿದ್ರು. ಇನ್ನೊಂದು ಮಳೆಗಾಲ ಕಳೀಲಿ ಅಂತಾರೆ."